ಎಮ್ಮೆದೊಡ್ಡಿಯ ತಗಡಿನ ಮೊರ

ಆ ದಿನದ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಮೂರೂ ಜಾಗ ನೋಡಿದ್ದಾಯಿತು. ಎಲ್ಲ ಸರಿಯಿದೆ." ನೋಡಿದ್ದು ಎರಡನ್ನು ಮಾತ್ರ. ಡೈರಿ ಬರೆಯುವವರು ಡೈರಿಗಾದರೂ ನಿಜ ಹೇಳುತ್ತಾರೆ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ. ಹಾಗಾಗಿ ಇದನ್ನು ಬರೆಯುವಾಗ ಡೈರಿಯನ್ನೂ ಪೂರ್ತಿ ನೆಚ್ಚಿಲ್ಲ, ನೆನಪನ್ನೂ ಪೂರ್ತಿ ನೆಚ್ಚಿಲ್ಲ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ನಾನು ಭೌತಶಾಸ್ತ್ರ ಓದಿದವಳು. ನಮ್ಮ ದೇಶದಲ್ಲೇ ತಯಾರಾಗುತ್ತಿರುವ ಯುದ್ಧವಿಮಾನಕ್ಕೆ ರಾಡಾರ್ ಮಾಡುವ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಹೀಗೆಂದರೆ ದೊಡ್ಡದಾಗಿ ಕೇಳಿಸುತ್ತದೆ. ವಿಮಾನ ಕಟ್ಟುವವರು ಬೇರೆ, ಅದರ ಮೂತಿಯೊಳಗೆ ಕೂರುವ ರಾಡಾರ್ ಮಾಡುವವರು ಬೇರೆ. ಆ ರಾಡಾರ್ ನೆಲವನ್ನು ಸರಿಯಾಗಿ ನೋಡುತ್ತಿದೆಯೇ ಎಂದು ತಿಳಿಯಲು ನೆಲದ ಮೇಲೆ ತಗಡು ಇಟ್ಟು ಕಾಯುವ ಕೆಲವರೂ ಇದ್ದಾರೆ. ನಾನು ತಗಡು ಇಡುವವಳು.

ಮನೆಯ ಒಂದು ಮೂಲೆಯನ್ನು ನೆನೆಸಿಕೊಳ್ಳಿ: ಎರಡು ಗೋಡೆಗಳೂ ನೆಲವೂ ಸೇರುವ ಜಾಗ. ಅಷ್ಟನ್ನೇ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿ, ಬಾಯಿ ಆಕಾಶಕ್ಕೆ ಓರೆಯಾಗಿರುವಂತೆ ಗಿಡ್ಡ ಸ್ಟ್ಯಾಂಡಿನ ಮೇಲೆ ಕೂರಿಸಿದರೆ ಅದೇ ರಿಫ್ಲೆಕ್ಟರ್. ಮೇಲಿಂದ ಬಂದ ರಾಡಾರ್ ಕಿರಣವನ್ನು ಅದು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. ವಿಮಾನದಲ್ಲಿ ಮೂಡುವ ನೆಲದ ಚಿತ್ರದಲ್ಲಿ ಅದು ಒಂದು ಬೆಳಗುವ ಚುಕ್ಕೆ. ಚುಕ್ಕೆ ಎಷ್ಟು ಬೆಳಗಬೇಕು ಎಂಬುದು ನಮಗೆ ಮೊದಲೇ ಲೆಕ್ಕ ಹಾಕಿ ಗೊತ್ತಿರುತ್ತದೆ. ಅಷ್ಟು ಬೆಳಗಿದರೆ ರಾಡಾರ್ ಸರಿ, ಮಂಕಾದರೆ ರಾಡಾರಿನಲ್ಲಿ ಏನೋ ಐಬು.

ಇಂಥವು ಮೂರು ಬೇಕಾಗಿದ್ದವು, ಕಬ್ಬಿಣದ ಶೆಡ್ಡು, ಗೋಪುರ ಯಾವುದೂ ಹತ್ತಿರವಿಲ್ಲದ ಬಯಲಿನಲ್ಲಿ. ನಮ್ಮ ಗುಂಪಿನ ಮುಖ್ಯಸ್ಥೆ ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದರು. ಅವರನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೇ ಬರೆಯುತ್ತೇನೆ. "ಇದು ನಿಮ್ಮೂರ ಕಡೆ ಅಲ್ವೇನಮ್ಮ? ನೀನೇ ಹೋಗು. ನಾವು ಹೋದ್ರೆ ಜಮೀನು ಸರ್ವೆಗೆ ಬಂದಿದಾರೆ ಅಂತ ಕಲ್ಲು ಹೊಡೀತಾರೆ" ಎಂದರು.

ಹೌದು, ನಮ್ಮೂರ ಕಡೆಯೇ. ಒಂದನ್ನು ಅಜ್ಜಂಪುರದಲ್ಲಿ ನಮ್ಮ ಚಿಕ್ಕಪ್ಪನ ಈರುಳ್ಳಿ ಹೊಲದ ಬದುವಿನ ಮೇಲೆ ಇಟ್ಟೆವು. "ಯುದ್ಧವಿಮಾನ ಅಂತೀಯ, ನಮ್ ಹೊಲಕ್ಕೆ ಬಾಂಬ್ ಗೀಂಬ್ ಹಾಕ್ಬಿಟ್ರೆ ಯಾರನ್ನ ಕೇಳಾನ?" ಎಂದು ಚಿಕ್ಕಪ್ಪ ತಮಾಷೆ ಮಾಡಿದ್ದ, ತಮಾಷೆಯ ಕೆಳಗೆ ಸ್ವಲ್ಪ ದಿಗಿಲೂ ಇತ್ತು. ಎರಡನೆಯದು ತರೀಕೆರೆಯ ಹೊರಗೆ ಕೆರೆಯಂಚಿನ ಸರ್ಕಾರಿ ಜಾಗದಲ್ಲಿ. ಮೂರನೆಯದು ಕಡೂರು ದಾಟಿ ಎಮ್ಮೆದೊಡ್ಡಿಯ ಕಾವಲಿನಲ್ಲಿ, ಅಮೃತಮಹಲ್ ದನಗಳು ಮೇಯುವ ಹುಲ್ಲುಗಾವಲಿನ ನಡುವೆ. ಈ ಬರಹ ಆ ಮೂರನೆಯದರ ಬಗ್ಗೆ.

ಕಾವಲಿನ ತಗಡನ್ನು ನೋಡಿಕೊಳ್ಳಲು ಒಬ್ಬ ಅಜ್ಜ ಒಪ್ಪಿಕೊಂಡ. ಅಲ್ಲೇ ದನ ಕಾಯುತ್ತ ಮುದುಕನಾದವನು. ಮೊದಲ ದಿನ ನಾವು ಸಾಮಾನು ಇಳಿಸುವಾಗ ಹಿಂಡು ದೂರದಲ್ಲಿ ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿತ್ತು. ಆ ದನಗಳ ಕೊಂಬು ಕಂಡವರಿಗೆ ನಾನು ಹೆದರಿದ್ದನ್ನು ವಿವರಿಸಬೇಕಾಗಿಲ್ಲ. "ಓಡ್ಬೇಡ ಕಣವ್ವ. ಓಡಿದ್ರೆ ಅಟ್ಟಿಸ್ಕಂಡ್ ಬತ್ತವೆ. ನನ್ ನೆಳ್ಳಾಗೆ ನಡಿ" ಎಂದ ಅಜ್ಜ. ಆಮೇಲೆ ಯಾವುದೋ ಹೆಸರು ಹಿಡಿದು ಒಂದು ಕೂಗು ಹಾಕಿದ. ಅಷ್ಟು ದನಗಳಲ್ಲಿ ಒಂದೇ ಒಂದು ಹಸು ತಲೆಯೆತ್ತಿ, ಹಿಂಡಿನಿಂದ ಬೇರೆಯಾಗಿ, ಕರುವಿನೊಂದಿಗೆ ನಡೆದು ಬಂತು. ಇನ್ನೊಂದು ಹೆಸರು ಕೂಗಿದ, ಇನ್ನೊಂದು ಬಂತು. ಕಾವಲಿನಲ್ಲಿ ತಲೆಮಾರುಗಳಿಂದ ಹೀಗೇ ಕರೆಯುತ್ತಾರಂತೆ. ಅಲ್ಲಿ ಹೆಸರಿಲ್ಲದ ದನವಿಲ್ಲ.

"ಈ ತಗಡಿನ ಮೊರದಾಗೆ ಏನ್ ಕೇರ್ತೀರವ್ವ ನೀವು?" ಎಂದು ಕೇಳಿದ.

"ವಿಮಾನ ಮೇಲಿಂದ ಕೂಗುತ್ತೆ ಅಜ್ಜ. ನಮ್ಮ ಮೊರ ಕೆಳಗಿಂದ ಓ ಅನ್ನುತ್ತೆ. ಅಷ್ಟೇ."

"ಹಂಗಾದ್ರೆ ಇದಕ್ಕೊಂದು ಹೆಸರಿಡಿ ಮತ್ತೆ" ಎಂದು ನಕ್ಕ. ಇದನ್ನು ಅವನು ಅಂದೇ ಹೇಳಿದನೋ, ಇನ್ನೊಂದು ದಿನವೋ, ಖಚಿತವಿಲ್ಲ. ಮೊರ ಎಂಬ ಹೆಸರು ಮಾತ್ರ ಅಂದೇ ನಿಂತಿತು. ಬೆಂಗಳೂರಿನ ಮೀಟಿಂಗುಗಳಲ್ಲಿಯೂ "ಮೊರ ಒಂದು, ಮೊರ ಎರಡು" ಎಂದು ಹೇಳುವ ಅಭ್ಯಾಸವಾಯಿತು.

ಅಜ್ಜನಿಗೆ ನಾನು ಹೇಳಿದ ನಿಯಮಗಳು ಇಷ್ಟು: ಮುಟ್ಟಬಾರದು, ಅಲುಗಿಸಬಾರದು, ಹತ್ತಿರ ಗಾಡಿ ಗೀಡಿ ನಿಲ್ಲಿಸಲು ಬಿಡಬಾರದು, ದನ ಕೊಂಬು ತಿಕ್ಕದಂತೆ ನೋಡಿಕೊಳ್ಳಬೇಕು. ತಗಡಿನ ಮೂಲೆಯಲ್ಲಿ, ಮೂರೂ ಹಾಳೆ ಸೇರುವ ತುದಿಯಲ್ಲಿ, ಮಳೆಯ ನೀರು ಇಳಿದುಹೋಗಲು ಒಂದು ಸಣ್ಣ ತೂತು ಇತ್ತು. ಅದರ ಬಗ್ಗೆ ನಾನು ಏನೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಪರೀಕ್ಷೆಯ ಹಾರಾಟಗಳು ಆ ವರ್ಷ ಮೊದಲ ಮಳೆಯ ಸಮಯಕ್ಕೆ ಬಂದವು. ಅವು ಸಾಮಾನ್ಯ ಹಾರಾಟಗಳಲ್ಲ. ಇವು ಸರಿಯಾದರೆ ರಾಡಾರಿನ ವಿನ್ಯಾಸ ಗಟ್ಟಿಯಾಗಿ ಕಾರ್ಖಾನೆಗೆ ಹೋಗುತ್ತದೆ, ಒಂದರ ಹಿಂದೆ ಒಂದು ತಯಾರಾಗತೊಡಗುತ್ತದೆ. ಸರಿಯಾಗದಿದ್ದರೆ ವಿಮಾನದ ಮೂತಿ ಬಿಚ್ಚಿ ರಾಡಾರನ್ನು ಪ್ರಯೋಗಾಲಯಕ್ಕೆ ವಾಪಸ್ಸು ತರಬೇಕು. ಆ ವಿಮಾನವನ್ನು ಬೇರೆ ಗುಂಪಿನವರು ತಮ್ಮ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ನಮ್ಮ ಸರದಿ ಮತ್ತೆ ಯಾವಾಗ ಬರುವುದೋ. ಮೇಡಂ ತಮ್ಮ ಕೆಲಸದ ಜೀವನದ ಬಹುಪಾಲನ್ನು ಈ ಒಂದು ರಾಡಾರಿಗೆ ಕೊಟ್ಟಿದ್ದರು. ಅದರ ಆಂಟೆನಾದ ಮುಖದ ತುಂಬ ಬೆರಳಗಲದ ಸಣ್ಣ ಸಣ್ಣ ಭಾಗಗಳು. ಅವುಗಳಲ್ಲಿ ಯಾವುದು ಯಾವತ್ತು ಕೆಟ್ಟಿತ್ತು ಎಂದು ಅವರಿಗೆ ಬಾಯಿಪಾಠ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಪ್ರತಿ ಹಾರಾಟದ ಬೆಳಿಗ್ಗೆ ಮೂರೂ ಮೊರಗಳನ್ನು ಕಣ್ಣಾರೆ ನೋಡಿ, ಒಣಗಿದೆ, ಸ್ವಚ್ಛವಿದೆ, ಓರೆ ಸರಿಯಿದೆ ಎಂದು ಪಟ್ಟಿಯಲ್ಲಿ ಸಹಿ ಹಾಕುವುದು ನನ್ನ ಕೆಲಸ. ನಾನು ಅಜ್ಜಂಪುರದ ಮನೆಯಲ್ಲಿ ಉಳಿದುಕೊಂಡು ಸ್ಕೂಟರಿನಲ್ಲಿ ಸುತ್ತುತ್ತಿದ್ದೆ. ಆ ಬೆಳಿಗ್ಗೆ ಚಿಕ್ಕಪ್ಪನ ಹೊಲದ್ದನ್ನು ನೋಡಿ, ತರೀಕೆರೆಯದನ್ನು ಒರೆಸಿ ಮುಗಿಸುವಷ್ಟರಲ್ಲಿ ಪ್ರಯೋಗಾಲಯದಿಂದ ಫೋನು ಬಂತು. ಮೋಡದ ಕಾರಣ ಹಾರಾಟವನ್ನು ಮುಂಚಿತವಾಗಿ ಮಾಡುತ್ತಾರೆ, ಪಟ್ಟಿ ಕೂಡಲೇ ಕಳಿಸು ಎಂದು. ಎಮ್ಮೆದೊಡ್ಡಿಗೆ ಹೋಗಿ ತಲುಪುವಷ್ಟು ಸಮಯವಿರಲಿಲ್ಲ. ಅಜ್ಜನಿಗೆ ಫೋನು ಮಾಡಿದೆ.

"ಅಜ್ಜ, ಮೊರ ಹೆಂಗೈತೆ?"

"ಏನಾಗೈತೆ? ಗುಂಡ್ಕಲ್ ಇದ್ದಂಗೈತೆ."

"ಅಲುಗಿಲ್ಲ ತಾನೇ? ದನ ಗಿನ ತಿಕ್ಕಿಲ್ಲ?"

"ನಾನಿರಾಗಂಟ ಯಾವ್ ದನ ತಿಕ್ತೈತೆ? ನಿಂಗೆ ನನ್ ಮೇಲೆ ನಂಬಿಕೆ ಇಲ್ವೇನವ್ವ?"

ಇತ್ತು. ಅದಕ್ಕೇ ಸಹಿ ಹಾಕಿದೆ. ಹೀಗೆ ಬರೆದರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ. ನಂಬಿಕೆಗಿಂತ ಹೆಚ್ಚಾಗಿ ನನಗಿದ್ದದ್ದು ಅವಸರ, ಮತ್ತು "ಒಂದನ್ನು ನೋಡಲಾಗಲಿಲ್ಲ" ಎಂದು ಹೇಳಿ ಹಾರಾಟ ತಡೆದವಳು ಎನಿಸಿಕೊಳ್ಳುವ ಭಯ.

ಮಧ್ಯಾಹ್ನ ಮೇಡಂ ಫೋನು ಮಾಡಿದರು. ಅಜ್ಜಂಪುರದ್ದು, ತರೀಕೆರೆಯದು ಲೆಕ್ಕಕ್ಕೆ ಸರಿಯಾಗಿ ಬೆಳಗಿವೆ. ಎಮ್ಮೆದೊಡ್ಡಿಯದು ಇದೆಯೋ ಇಲ್ಲವೋ ಎನ್ನುವಷ್ಟು ಮಂಕು. ವಿಮಾನ ಸಾಗಿದ ದಾರಿಯಲ್ಲಿ ಅದೊಂದೇ ಎಡಕ್ಕೆ ಬೀಳುವುದು. ಹಾಗಾದರೆ ರಾಡಾರಿಗೆ ಎಡಗಣ್ಣು ಮಂದವಾಗಿದೆ, ಆಂಟೆನಾದ ಒಂದು ಕಡೆಯ ಭಾಗಗಳು ಕೈಕೊಟ್ಟಿವೆ ಎಂದೇ ಎಲ್ಲರ ತೀರ್ಮಾನ.

"ಮೊರ ಮೂರು ನೀನೇ ನೋಡಿದೆಯಲ್ಲಮ್ಮ?" ಎಂದು ಕೇಳಿದರು.

ನನ್ನ ನೆನಪಿನಲ್ಲಿ ನಾನು "ಪಟ್ಟಿ ಕಳಿಸಿದೀನಲ್ಲ ಮೇಡಂ" ಎಂದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಆದರೆ ಮೇಡಂ ಆಮೇಲೊಮ್ಮೆ ಹೇಳಿದ ಪ್ರಕಾರ ನಾನು ಸ್ಪಷ್ಟವಾಗಿ "ನೋಡಿದೆ" ಎಂದೆನಂತೆ. ಅವರ ನೆನಪೇ ಸರಿ ಇರಬೇಕು. ನನ್ನ ನೆನಪಿಗೆ ನನ್ನನ್ನು ಉಳಿಸಿಕೊಳ್ಳುವ ಅಗತ್ಯವಿದೆ, ಅವರದಕ್ಕೆ ಇಲ್ಲ.

"ಸರಿ. ನಾಳಿದ್ದು ಮೂತಿ ಬಿಚ್ಚಿಸ್ತೀನಿ" ಎಂದರು. ಬೇಜಾರಿನ ಮಾತು ಒಂದೂ ಆಡಲಿಲ್ಲ. ಅದೇ ನನ್ನನ್ನು ಕೊರೆಯಿತು.

ಮಾರನೆಯ ಬೆಳಿಗ್ಗೆ ಎಮ್ಮೆದೊಡ್ಡಿಗೆ ಹೋದೆ. ಕಾವಲಿನೊಳಗೆ ಸ್ಕೂಟರ್ ನಿಲ್ಲಿಸಿ ನಡೆದು ಹೋಗುವಾಗ ದೂರದಿಂದಲೇ ಕಂಡಿತು: ಮೊರದ ಸುತ್ತ ನಾಲ್ಕೈದು ಕರುಗಳು, ಒಂದರ ಮೂತಿ ಒಳಗೆ. ಅಜ್ಜ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮದುವೆ ಊಟಕ್ಕೆ ಬಡಿಸಿದವನ ಹಾಗೆ ನೋಡುತ್ತಿದ್ದಾನೆ. ತಗಡಿನ ಮೂಲೆಯಲ್ಲಿ ಗೇಣುದ್ದ ಆಳಕ್ಕೆ ತಿಳಿಯಾದ ಮಳೆನೀರು ನಿಂತಿತ್ತು.

"ಬಾರವ್ವ! ನೋಡು ಹೆಂಗ್ ಕುಡೀತವೆ. ಕಟ್ಟೆ ನೀರು ಇನ್ನೂ ಕೆಸರು. ಇದು ತೀರ್ಥ ಇದ್ದಂಗೈತೆ."

"ಅಜ್ಜ, ನೀರು ಹೆಂಗೆ ನಿಂತ್ಕಂತು?"

"ಬುಡದಾಗೆ ತೂತು ಬಿದ್ದಿತ್ತು ಕಣವ್ವ. ಮಾಡಿದೋನು ಸರಿಯಾಗಿ ಬೆಸುಗೆ ಹಾಕಿಲ್ಲ. ಇಷ್ಟು ಚಂದದ ತಗಡಿಗೆ ತೂತಾ ಅಂತ ನಂಗೇ ಹೊಟ್ಟೆ ಉರೀತು. ಮೊನ್ನೆ ಜೇನುಮೇಣ ಬಿಸಿ ಮಾಡಿ, ಬಟ್ಟೆ ಸುತ್ತಿ, ಕೆಳಗಿಂದ ಜಡಿದಿವ್ನಿ. ಒಂದು ತೊಟ್ಟು ಸೋರಲ್ಲ."

ಕಾವಲಿನಲ್ಲಿ ನೀರು ನಿಲ್ಲಬಲ್ಲ ಯಾವ ವಸ್ತುವೂ ವ್ಯರ್ಥವಾಗುವುದಿಲ್ಲ. ಒಡೆದ ಡಾಂಬರು ಡ್ರಮ್ಮು, ಸೀಳಿದ ಲಾರಿ ಟಯರು, ಒಂದು ಹಳೆಯ ಸ್ನಾನದ ಹಂಡೆ, ಎಲ್ಲವೂ ಅಲ್ಲಿ ಬಾನಿಗಳೇ. ಎಲ್ಲದರ ತೂತೂ ಮೇಣ ಬಟ್ಟೆಯಿಂದ ಮುಚ್ಚಿರುತ್ತದೆ. ನಾನು ಅವನ್ನೆಲ್ಲ ಎಷ್ಟೋ ಸಲ ನೋಡಿದ್ದೆ. ನೋಡಿಯೂ ಅಜ್ಜನ ಕಣ್ಣಿಗೆ ನಮ್ಮ ಮೊರ ಏನಾಗಿ ಕಾಣಬಹುದು ಎಂದು ಯೋಚಿಸಿರಲಿಲ್ಲ.

"ಮುಟ್ಟಬೇಡ ಅಂದಿದ್ನಲ್ಲ ಅಜ್ಜ."

"ಎಲ್ಲಿ ಮುಟ್ಟಿದೆ? ಅಂಗಾತ ಮಲಗಿ ಕೆಳಗಿಂದ ಒತ್ತಿದೆ. ಕೂದಲೆಳೆಯಷ್ಟೂ ಅಲುಗಿಲ್ಲ. ನಿನ್ ಅಳತೆ ಹಿಡಿದು ನೋಡ್ಕ ಬೇಕಾದ್ರೆ."

ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ನೀರಿನ ವಿಷಯ ಅವನಿಗೆ ಹೇಳಿದೆ. ನೀರಿನ ಮೇಲ್ಮೈ ಓರೆಯಿಲ್ಲದ ಇನ್ನೊಂದು ನೆಲವಾಗಿಬಿಡುತ್ತದೆ, ಕಿರಣ ಬಂದ ದಾರಿಗೆ ಹೋಗದೆ ಎಲ್ಲೆಲ್ಲೋ ಚದುರಿಹೋಗುತ್ತದೆ, ವಿಮಾನಕ್ಕೆ ಮೊರ ಕಾಣುವುದಿಲ್ಲ ಎಂದೆ. ಅಜ್ಜನ ಮುಖ ಇಳಿದುಹೋಯಿತು.

"ಕಾಣ್ದೇ ಇದ್ದಿದ್ಕೆ ಅದ್ರಾಗೆ ಕೂತಿದ್ದೋನಿಗೆ ಏನಾರ ಆತಾ?"

"ಇಲ್ಲಜ್ಜ, ಅವರು ಕ್ಷೇಮವಾಗಿ ಇಳಿದರು."

"ಸದ್ಯ." ಬಗ್ಗಿ ಮೊರದ ಬುಡ ನೋಡುತ್ತ ಹೇಳಿದ: "ತೂತು ಬೇಕೂಂತ ಒಂದ್ ಮಾತು ಅಂದಿದ್ರೆ ನಾನೇ ದಿನಾ ಕಡ್ಡಿ ಆಡಿಸ್ತಿದ್ನಲ್ಲೇ."

ಆಗ ಒಂದು ಯೋಚನೆ ಬಂದದ್ದು ನಿಜ. ಮೇಣ ಕಿತ್ತು, ತಗಡು ಒರೆಸಿ, ಸುಮ್ಮನೆ ಹೊರಟುಹೋದರೆ ಯಾರಿಗೂ ಗೊತ್ತಾಗದು. ಆದರೆ ಮರುದಿನ ಮೂತಿ ಬಿಚ್ಚುತ್ತಾರೆ. ಕೆಡದ ಕಣ್ಣನ್ನು ಕೆಟ್ಟಿದೆ ಎಂದು ಹೊರತೆಗೆದು, ಇಲ್ಲದ ದೋಷವನ್ನು ತಿಂಗಳುಗಟ್ಟಲೆ ಹುಡುಕುತ್ತಾರೆ. ಮೇಡಂ ನಿವೃತ್ತರಾಗುವುದರೊಳಗೆ ಸಿಗುವುದಿಲ್ಲ, ಏಕೆಂದರೆ ಅದು ಅಲ್ಲಿಲ್ಲ. ನಿಜ ಹೇಳಿದರೆ ನಾನು ನೋಡದೆ ಸಹಿ ಹಾಕಿದ್ದೂ ಹೇಳಬೇಕು. ಈ ಯೋಚನೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆ? ಒಂದು ನಿಮಿಷ ಎಂದುಕೊಂಡಿದ್ದೇನೆ. "ಏನವ್ವ, ಗರ ಬಡಿದೋಳಂಗೆ ನಿಂತಿದೀಯ?" ಎಂದು ಅಜ್ಜ ಕೇಳಿದ ನೆನಪಿರುವುದರಿಂದ ಇನ್ನೂ ಹೆಚ್ಚಿರಬೇಕು.

ದಿಬ್ಬ ಹತ್ತಿದರೆ ಮಾತ್ರ ಅಲ್ಲಿ ಸಿಗ್ನಲ್ಲು. ಹತ್ತಿದೆ. ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. ಮೊದಲು ಸಹಿಯ ವಿಷಯ, ಆಮೇಲೆ ನೀರಿನ ವಿಷಯ.

"ಎಷ್ಟು ನೀರಿದೆ?" ಎಂದರು.

"ಒಂದು ಗೇಣು ಮೇಡಂ. ಈಗಲೇ ತೆಗೆದುಬಿಡ್ತೀನಿ."

"ತೆಗೀಬೇಡ!" ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಒಂದು ತೊಟ್ಟೂ ತೆಗೀಬೇಡ. ನೀನು ಹೇಳ್ತಿದೀಯ ಅಂದ ಮಾತ್ರಕ್ಕೆ ಯಾರೂ ನಂಬಲ್ಲ, ನಾನೂ ನಂಬಲ್ಲ. ನಾಳೆ ಒಂದು ಹಾರಾಟ ನೀರಿನ ಜೊತೆ, ಆಮೇಲೊಂದು ನೀರಿಲ್ಲದೆ. ಬಿಚ್ಚೋದನ್ನ ಎರಡು ದಿನ ಮುಂದಕ್ಕೆ ಹಾಕಿ ಅಂತ ಕೇಳ್ಕೋತೀನಿ. ನೀರಿನ ಮಟ್ಟ ಈಗಿರೋ ಹಾಗೇ ಇರಬೇಕು." ಫೋನಿಡುವ ಮೊದಲು, "ನಿನ್ನ ಸಹಿ ಸದ್ಯಕ್ಕೆ ಬೇಡ" ಎಂದರು. ಮೆಲ್ಲಗೆ ಹೇಳಿದರು.

ದಿಬ್ಬ ಇಳಿದು ಬಂದು ಅಜ್ಜನಿಗೆ ಹೇಳಿದೆ. ಅವನಿಗೆ ತಲೆಬುಡ ತಿಳಿಯಲಿಲ್ಲ.

"ನೀರಿದ್ದಿದ್ದೇ ತಪ್ಪು ಅಂದೆ. ಈಗ ನೀರು ಇರ್ಲಿ ಅಂತೀಯ. ಓದಿದೋರ ಸವಾಸ ಮೂರ್ ದಿನ ಕಣವ್ವ."

ಆದರೆ ಕೆಲಸವನ್ನು ಅವನು ಹಿಡಿದ ಹಾಗೆ ಯಾವ ಪ್ರಯೋಗಾಲಯದಲ್ಲೂ ಹಿಡಿದದ್ದು ನಾನು ಕಂಡಿಲ್ಲ. ತಗಡಿನ ಮೇಲೆ ನೀರಿನ ಮಟ್ಟಕ್ಕೆ ನಾನು ಸೀಮೆಸುಣ್ಣದ ಗೆರೆ ಎಳೆದುಕೊಟ್ಟೆ. ಕರುಗಳನ್ನು ಅಟ್ಟಿದರೂ ತಿರುಗಿ ಬರುತ್ತಿದ್ದವು. ತಾಯಂದಿರನ್ನು ಒಂದೊಂದಾಗಿ ಹೆಸರು ಹಿಡಿದು ಕೂಗಿ ಹಿಂಡನ್ನೇ ಆಚೆಯ ಹಳ್ಳದ ಕಡೆಗೆ ಒಯ್ದ, ಕರುಗಳು ತಾವಾಗಿ ಹಿಂದೆ ಹೋದವು. ಒಂದು ಕರು ಕುಡಿದು ತಗ್ಗಿಸಿದ್ದಷ್ಟು ನೀರನ್ನು ಚೊಂಬಿನಲ್ಲಿ ತಂದು, ಉಸಿರು ಬಿಗಿಹಿಡಿದು, ಗೆರೆಗೆ ಸರಿಯಾಗಿ ಹೊಯ್ದ. ಮರುದಿನ ವಿಮಾನ ಹಾದುಹೋಯಿತು. ಎಮ್ಮೆದೊಡ್ಡಿಯ ಚುಕ್ಕೆ ಮೊದಲಿನಷ್ಟೇ ಮಂಕು ಎಂದು ಮಧ್ಯಾಹ್ನ ತಿಳಿಯಿತು. ಜೀವನದಲ್ಲಿ ಒಂದು ಮಂಕು ಚುಕ್ಕೆಗೆ ನಾನು ಅಷ್ಟು ಹಿಗ್ಗಿದ್ದು ಅದೇ ಮೊದಲು.

ನೀರಿಲ್ಲದ ಹಾರಾಟಕ್ಕೆ ಮೇಡಂ ತಾವೇ ಬಂದರು. ಕಡೂರಿನಿಂದ ಜೀಪಿನಲ್ಲಿ ಬಂದವರು ಇಳಿದ ಕೂಡಲೇ ಮೊರದ ಕಡೆ ನಡೆದುಬಿಟ್ಟರು. ದನಗಳು ತಲೆಯೆತ್ತಿದವು. "ನನ್ ನೆಳ್ಳಾಗೆ ಬಾ ತಾಯಿ" ಎಂದು ಅಜ್ಜ ಓಡಿ ಮುಂದಾದ. ಮೇಡಂ ತಲೆ ತಗ್ಗಿಸಿ ಅವನ ಹಿಂದೆ ಹಿಂದೆಯೇ ಬಂದರು. ಅಜ್ಜ ಮಲಗಿ ಮೇಣ ಕಿತ್ತ. ನೀರು ಅವನ ತೋಳಿನ ಮೇಲೆಯೇ ಇಳಿಯಿತು. ನಾನು ಬಟ್ಟೆಯಲ್ಲಿ ಒರೆಸಿದೆ, ಮೇಡಂ ಇನ್ನೊಮ್ಮೆ ಒರೆಸಿದರು. ತೂತಿನೊಳಗೆ ತಮ್ಮ ಪೆನ್ನಿನ ರೀಫಿಲ್ ತೂರಿಸಿ ಆಚೆ ಬಂತೇ ಎಂದು ಬಗ್ಗಿ ನೋಡಿದರು.

"ಒಂದ್ ಮಾತು ಕೇಳ್ಲಾ ತಾಯಿ?" ಎಂದ ಅಜ್ಜ. "ತಪ್ಪು ನಂದೇ. ಈ ಮಗೀನ ಕೆಲ್ಸಕ್ಕೆ ಏನೂ ಆಗಲ್ಲ ತಾನೇ?"

"ತಪ್ಪು ನಿಮ್ಮದಲ್ಲ ಅಜ್ಜ. ನೀವು ನೋಡಿದ್ದನ್ನ ನೋಡಿದ ಹಾಗೇ ಹೇಳಿದ್ರಿ" ಎಂದರು ಮೇಡಂ. ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವರ ಪ್ರೀತಿ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ.

ವಿಮಾನ ಮೋಡದ ಮೇಲೆಲ್ಲೋ ಹೋಯಿತು. ನಮಗೆ ಕೇಳಿಸಿದ್ದು ಸದ್ದು ಮಾತ್ರ. ಅದೂ ಹಿಂದುಳಿದು ಬಂತು. ಆಮೇಲೆ ನಾವು ಮೂವರೂ ದಿಬ್ಬದ ಮೇಲೆ ಫೋನು ನಡುವೆ ಇಟ್ಟುಕೊಂಡು ಕೂತೆವು. ಅಜ್ಜ ಎಲೆಯಡಿಕೆ ಕೊಟ್ಟ, ಮೇಡಂ ತೆಗೆದುಕೊಂಡರು. ಅವರು ಎಲೆಯಡಿಕೆ ಹಾಕುವವರೆಂದು ನನಗೆ ತಿಳಿದಿರಲಿಲ್ಲ. ಬಹಳ ಹೊತ್ತಾದ ಮೇಲೆ ಫೋನು ಬಂತು. ಅವರು ಕೇಳಿಸಿಕೊಂಡು, "ಎಷ್ಟು?" ಎಂದರು. ಮತ್ತೆ, "ಇನ್ನೊಂದು ಸಲ ಹೇಳಿ" ಎಂದರು. ಲೆಕ್ಕಕ್ಕೆ ಸರಿಯಾಗಿ ಬೆಳಗಿತ್ತು. ಎಡಗಣ್ಣಿಗೆ ಏನೂ ಆಗಿರಲಿಲ್ಲ. "ಹಾಗಾದ್ರೆ ಬಿಚ್ಚಬೇಡಿ" ಎಂದು ಹೇಳಿ ಫೋನಿಟ್ಟರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು ಒರೆಸಿದರು.

ಹೊರಡುವಾಗ ಜೀಪಿನ ಬಾನೆಟ್ಟಿನ ಮೇಲೆ ಪಟ್ಟಿ ಹರಡಿದರು. ಆ ಮೊದಲ ಮಂಕು ಚುಕ್ಕೆಯ ದಿನದ ಹಾಳೆಯಲ್ಲಿ, ಎಮ್ಮೆದೊಡ್ಡಿಯ ಸಾಲಿನೆದುರು, ನಾನು ನೋಡಿರಲಿಲ್ಲ ಎಂದು ನನ್ನಿಂದಲೇ ಬರೆಸಿದರು. ಬರೆದೆ. ಅಂದಿನ ಹಾಳೆಯಲ್ಲಿ ಮೂರೂ ಸಾಲಿಗೆ ಸೇರಿ ಕೆಳಗೆ ಒಂದೇ ಸಹಿಯ ಜಾಗ. ಪೆನ್ನು ಅಜ್ಜನ ಕೈಗೆ ಕೊಟ್ಟು, "ಇನ್ಮೇಲೆ ಇಲ್ಲಿ ನಿಮ್ಮದೂ ಇರಲಿ ಅಜ್ಜ" ಎಂದರು.

ಅಜ್ಜ ಹಾಳೆಯನ್ನು ದೂರ ಹಿಡಿದು, ಅಕ್ಷರ ಕೂಡಿಸಿ ಓದಿದ.

"ಅಜ್ಜಂಪುರ, ತರೀಕೆರೆ ಅಂತೆಲ್ಲ ಬರ್ದೈತಲ್ಲ ತಾಯಿ."

"ಹೌದು, ಮೂರಕ್ಕೂ ಸೇರಿ ಒಂದೇ ಸಹಿ."

"ಅವು ನಾನ್ ಕಂಡಿಲ್ವಲ್ಲ. ಕಾಣ್ದಿದ್ಕೆ ಹೆಂಗ್ ಹಾಕ್ಲಿ?" ಎಂದು ಪೆನ್ನು ವಾಪಸ್ಸು ಚಾಚಿದ.

ಮೇಡಂ ಪೆನ್ನು ತೆಗೆದುಕೊಂಡು, ಅಳತೆಪಟ್ಟಿಯಿಲ್ಲದೆ ಸೊಟ್ಟಗೆ ಎರಡು ಗೆರೆ ಎಳೆದು, ಒಂದು ಸಹಿಯ ಜಾಗವನ್ನು ಮೂರು ಮಾಡಿದರು. ಅಜ್ಜ ಮೂರನೆಯದರಲ್ಲಿ, ನಾಲಿಗೆ ತುದಿ ಹೊರಗಿಟ್ಟುಕೊಂಡು, ತನ್ನ ಹೆಸರು ಬರೆದ. ಉಳಿದ ಎರಡನ್ನು ಮೇಡಂ ನನ್ನ ಕಡೆ ತಿರುಗಿಸಿದರು. ಆ ಬೆಳಿಗ್ಗೆ ಅವೆರಡನ್ನೂ ನಾನು ನೋಡಿ ಬಂದಿದ್ದೆ. ಸಹಿ ಹಾಕಿದೆ.